ಕಸ್ತೂರೆವ್ವ ಕೊಟ್ಟ ನೋಟುಬುಕ್ಕು

ನಾನು ಕಂಡಕ್ಟರ್. ಯಾರು ಟಿಕೆಟ್ ತೆಗೆದಿದ್ದಾರೆ, ಯಾರು ತೆಗೆದವರ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಾರೆ ಎಂದು ಮುಖ ನೋಡಿ ಹೇಳುವುದೇ ಇಪ್ಪತ್ತಾರು ವರ್ಷದಿಂದ ನನ್ನ ಉದ್ಯೋಗ. ಅನುಮಾನಪಡುವುದಕ್ಕೇ ಸಂಬಳ ಸಿಗುವ ನೌಕರಿ ಇದು, ಇದರಲ್ಲಿ ನನ್ನಷ್ಟು ಪಳಗಿದವರಿಲ್ಲ ಎಂದುಕೊಂಡಿದ್ದೆ. ಮುದ್ದೇಬಿಹಾಳದಿಂದ ಇಂಡಿ ಡಿಪೋಕ್ಕೆ ವರ್ಗವಾಗಿ ಬಂದು, ಬಸ್‌ಸ್ಟ್ಯಾಂಡಿನ ಎದುರು ಕಸ್ತೂರೆವ್ವನ ಖಾನಾವಳಿಗೆ ಕಾಲಿಟ್ಟ ಮೊದಲ ದಿನವೇ ಆ ಸೊಕ್ಕು ಇಳಿಯಿತು.

“ತಿಂಗಳ ಊಟಕ್ಕ ಬಂದೀರೇನು? ಹೆಸರೇನ್ರಿ?” ಎಂದಳು.

“ಅಬ್ದುಲರಜಾಕ ಅಂತ್ರಿ. ಕಂಡಕ್ಟರ್ ಅದೇನಿ.”

“ಕಾರ್ಡ ತೋರಸ್ರಿ.”

ದಿನಕ್ಕೆ ನೂರು ಹೆಣ್ಣುಮಕ್ಕಳಿಗೆ ಕಾರ್ಡು ತೋರಿಸಿ ಎಂದು ಕೇಳಿ ಶೂನ್ಯ ಟಿಕೆಟ್ ಹರಿದುಕೊಡುವವನು ನಾನು. ನನಗೇ ಕೇಳಿದಳು. ಮೈಮೇಲೆ ಖಾಕಿ ಇದೆ, ಹೆಗಲಿಗೆ ಚೀಲ ಇದೆ, ಇನ್ನೇನು ಬೇಕು ಎಂದು ರೇಗಿದೆ. “ಖಾಕಿ ಅರಿವಿ ಅಂಗಡ್ಯಾಗ ಸಿಗತೈತ್ರಿ” ಎಂದಳು. ಕಾರ್ಡು ತೋರಿಸಿದ ಮೇಲೆಯೇ ತಟ್ಟೆ ಬಂತು. ಮೊದಲ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟ ಮೇಲೆ ಸಿಟ್ಟು ಹೋಯಿತು ಎಂಬುದನ್ನೂ ಹೇಳಿಬಿಡುತ್ತೇನೆ, ಸುಳ್ಳು ಯಾಕೆ.

ಕಸ್ತೂರೆವ್ವನಿಗೆ ಆಗ ಐವತ್ತರ ಆಸುಪಾಸು. ಗಂಡ ಪರಪ್ಪ ತೀರಿಹೋಗಿ ಹದಿನೈದು ವರ್ಷ. ಒಂಟಿ ಹೆಂಗಸು, ಅದಕ್ಕೇ ಹಾಗಾಗಿದ್ದಾಳೆ ಎಂದು ಊರವರು ಕನಿಕರದಿಂದ ಹೇಳುತ್ತಿದ್ದರು. ನನಗೆ ಹಾಗನಿಸುವುದಿಲ್ಲ. ಅದು ಹುಟ್ಟುಗುಣ. ಝಳಕಿಯ ವ್ಯಾಪಾರಿ ಜೋಳ ತಂದರೆ ಚೀಲದ ಬಾಯಿಯ ಕಾಳನ್ನು ಆಕೆ ನೋಡುತ್ತಲೇ ಇರಲಿಲ್ಲ. ಚೀಲ ಬೋರಲು ಹಾಕಿಸಿ, ತಳದ ಕಾಳು ಹಲ್ಲಿಗೆ ಕೊಟ್ಟು ಕಡಿದು ನೋಡುತ್ತಿದ್ದಳು. ಹಾಲಿನವನು ಬಂದರೆ ಹಾಲಿಗಿಂತ ಮೊದಲು ಅವನ ತೋಳು ಒದ್ದೆಯಾಗಿದೆಯೇ ಎಂದು ನೋಡುವಳು. ಯಾರು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಇಳಿಸುತ್ತಿದ್ದಾರೆ ಎಂಬುದು ನಮಗೆ ಬೆನ್ನು ಹಾಕಿ ರೊಟ್ಟಿ ಬಡಿಯುವಾಗಲೂ ಆಕೆಗೆ ಗೊತ್ತಾಗುತ್ತಿತ್ತು. ಮನೆ ಮನೆಗೆ ಬಂದು ಮಾತ್ರೆ ಕೊಡುವ ಆರೋಗ್ಯ ಇಲಾಖೆಯ ಹುಡುಗಿಗೆ “ಮೊದಲ ನೀ ನುಂಗು” ಎಂದವಳು.

ಮಗಳು ವಿದ್ಯಾವತಿ ಇದಕ್ಕೆ ತೀರ ಉಲ್ಟಾ. ಹೇಳಿದ್ದೆಲ್ಲ ನಂಬುವ ಹುಡುಗಿ. ಬಿ.ಕಾಂ. ಮುಗಿಸಿ ಎಂ.ಬಿ.ಎ. ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ರ್‍ಯಾಂಕ್ ಚೆನ್ನಾಗಿ ಬಂದರೆ ಧಾರವಾಡದಲ್ಲಿ ಸರಕಾರಿ ಸೀಟು. ಬರದಿದ್ದರೆ ಖಾಸಗಿ ಕಾಲೇಜಿನ ಫೀ ಅವರ ಕೈಗೆ ನಿಲುಕುವಂಥದ್ದಲ್ಲ. ಅದರ ಮೇಲೆ ಕಸ್ತೂರೆವ್ವನ ಬಲಗೈ ಮಣಿಕಟ್ಟು ಬಾತುಕೊಂಡು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರು. ಆ ಡಾಕ್ಟರನ್ನೂ ಆಕೆ ನಂಬಿರಲಿಲ್ಲ, ಆದರೆ ನೋವು ಸುಳ್ಳು ಹೇಳುತ್ತಿರಲಿಲ್ಲ.

“ಒಂದ ವರ್ಷ ಕೊಡತೇನಿ, ಒಂದ ಸಲ ಬರಿ” ಎಂದಿದ್ದಳು ಮಗಳಿಗೆ. “ಆಗಲಿಲ್ಲಂದ್ರ ಬಂದು ಈ ಒಲಿ ಮುಂದ ಕುಂದ್ರಬೇಕು. ಆಮ್ಯಾಲ ಅಳಬಾರದು.”

ಹುಡುಗಿ ಒಪ್ಪಿದ್ದಳು. ಉಳಿದದ್ದು ಒಂದೇ ಪ್ರಶ್ನೆ: ರೊಕ್ಕ ಕೊಟ್ಟು ಕ್ಲಾಸಿಗೆ ಹೋಗುವುದೋ, ಮನೆಯಲ್ಲೇ ತಾನೇ ಓದುವುದೋ?

ಕ್ಲಾಸು ಎಂದರೆ ಶಿಖರ ಅಕಾಡೆಮಿ. ಸಿಂದಗಿಯಲ್ಲಿ ಶುರುವಾಗಿ, ಬಾಗೇವಾಡಿ, ಮುದ್ದೇಬಿಹಾಳಕ್ಕೆ ಹಬ್ಬಿ, ಹೊಸದಾಗಿ ಇಂಡಿಗೆ ಬಂದು ಖಾನಾವಳಿಯ ಪಕ್ಕದ ಮಹಡಿ ಹಿಡಿದಿತ್ತು. ನಾಲ್ಕು ತಿಂಗಳಿಗೆ ಮೂವತ್ತೈದು ಸಾವಿರ. ಅದರ ಯಜಮಾನ ಸಂಜೀವಕುಮಾರ ಸರ್, ಇಂಡಿಯಲ್ಲಿದ್ದ ದಿನ ಒಂದೂವರೆಗೆ ಸರಿಯಾಗಿ ನಮ್ಮ ಸಾಲಿನಲ್ಲೇ ಊಟಕ್ಕೆ ಕೂಡುತ್ತಿದ್ದರು. ಇಸ್ತ್ರಿ ಅಂಗಿ, ಮೆತ್ತನೆ ಮಾತು. ಹಿಂಡಿ ಮಾತ್ರ ಎರಡು ಸಲ ಹಾಕಿಸಿಕೊಳ್ಳುವರು.

ಕಸ್ತೂರೆವ್ವ ನನ್ನನ್ನು ಗೂಢಚಾರನನ್ನಾಗಿ ನೇಮಿಸಿದಳು. “ನಿಮ್ಮ ಬಸ್ಸು ನಾಕೂ ಊರು ತಿರಗತೈತಲ್ರಿ ರಜಾಕಣ್ಣ. ಕ್ಲಾಸಿಗೆ ಹೋಗೋ ಮಕ್ಕಳನ್ನ ಕೇಳ್ರಿ, ಖರೇನ ಕಲಸ್ತಾರೋ ಇಲ್ಲೋ ಅಂತ.” ನಾನು ಕೇಳಿದೆ. ಸಿಂದಗಿಯವರು ಹೊಗಳಿದರು. ಮುದ್ದೇಬಿಹಾಳದವರು ಬೈದರು. ಬಂದು ಹೇಳಿದರೆ ಆಕೆ ಇಬ್ಬರನ್ನೂ ಬದಿಗಿಟ್ಟಳು. ಹೊಗಳಿದವರು ರೊಕ್ಕ ಕಟ್ಟಿ ಸಿಕ್ಕಿಬಿದ್ದಿದ್ದಾರೆ, ಮನೆಯಲ್ಲಿ ಹೇಳಿಕೊಳ್ಳಲು ಹೊಗಳಲೇಬೇಕು. ಬೈದವರಿಗೆ ತಲೆಗೆ ಹತ್ತಿಲ್ಲ, ತಪ್ಪನ್ನು ಸರ್ ಮೇಲೆ ಹಾಕಿದ್ದಾರೆ. ಹೀಗೆ ವಾದಿಸುವವಳ ಮುಂದೆ ಯಾವ ಸಾಕ್ಷಿ ನಿಲ್ಲುತ್ತದೆ?

“ಹಂಗಾರ ಮನ್ಯಾಗ ಓದಲಿ ಬಿಡ್ರಿ” ಎಂದೆ.

“ಆಕೀನ ಬರದು, ಆಕೀನ ತಿದ್ದಿ, ಆಕೀನ ರೈಟ್ ಹಾಕ್ಕೊಂತಾಳ. ಅದನ್ನ ಹ್ಯಾಂಗ ನಂಬೂದ್ರಿ?”

ಮಾತು ಚುಚ್ಚಿದರೂ ಅದರಲ್ಲಿ ನಿಜ ಇತ್ತು.

ವಿದ್ಯಾವತಿ ಓದುತ್ತಿದ್ದದ್ದು ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ, ಒರೆಸಿದ ಮೇಜಿನ ಮೇಲೆ. ಒಂದು ಉದ್ದನೆಯ ಹಸಿರು ನೋಟುಬುಕ್ಕು. ಹಳೆಯ ಪ್ರಶ್ನೆಪತ್ರಿಕೆಗಳ ಲೆಕ್ಕ ಮುಗಿದ ಮೇಲೆ ಅಂಥವೇ ಲೆಕ್ಕಗಳನ್ನು ತಾನೇ ಹೊಸೆಯುತ್ತಿದ್ದಳು. ಪರೀಕ್ಷೆ ಇಂಗ್ಲಿಷಿನಲ್ಲಿ, ಹಾಗಾಗಿ ಬರೆಯುವುದೂ ಇಂಗ್ಲಿಷಿನಲ್ಲಿ; ಆದರೆ ಲೆಕ್ಕದೊಳಗಿನ ಸಾಮಾನೆಲ್ಲ ಖಾನಾವಳಿಯದು. ಜೋಳದ ಚೀಲ, ನೀರಿನ ಟಾಕಿ, ಮೂರು ಮಂದಿ ಸೇರಿ ಬಡಿಯುವ ರೊಟ್ಟಿ. ನನ್ನ ಬಸ್ಸೂ ಇತ್ತು, ತಾಸಿಗೆ ನಲವತ್ತು ಕಿಲೋಮೀಟರಿನಂತೆ ಇಂಡಿಯಿಂದ ಸಿಂದಗಿಗೆ ಹೊರಟಿತ್ತು.

“ಇದು ಸುಳ್ಳು” ಎಂದೆ. “ನಲವತ್ತು ಓಡಿದ್ರ ನಮ್ಮ ಡಬ್ಬಿ ಬಿಚ್ಚಿಹೋಗತೈತಿ.”

“ಲೆಕ್ಕದಾಗ ಓಡಲಿ ಬಿಡ್ರಿ ಕಾಕಾ” ಎಂದು ನಕ್ಕಳು. ಆ ನಗು ನನಗೆ ಇಷ್ಟವಾಗಿತ್ತು.

ಒಂದು ದಿನ ಆಕೆ ಸಾಲೋಟಗಿಯ ಸೋದರತ್ತೆಯ ಮನೆಗೆ ಹೋದಾಗ ಕಸ್ತೂರೆವ್ವ ಆ ನೋಟುಬುಕ್ಕು ತಂದು ಸಂಜೀವಕುಮಾರ ಸರ್ ಕೈಗೆ ಕೊಟ್ಟಳು. ನಾನು ಎದುರಿಗೇ ಇದ್ದೆ.

“ಹುಡುಗಿ ತಾನ ಓದಿದ್ರ ದಾಟತಾಳೋ ಇಲ್ಲೋ, ನೋಡಿ ಖರೇ ಹೇಳ್ರಿ ಸರ. ಆಕಿಗೆ ಗೊತ್ತಾಗಬಾರದು.”

ಸರ್ ನಾಲ್ಕು ಹಾಳೆ ತಿರುವಿದರು. ತಿನ್ನುವುದನ್ನು ನಿಲ್ಲಿಸಿ ಮತ್ತೆ ನಾಲ್ಕು ತಿರುವಿದರು. “ಎರಡ ದಿನ ಬೇಕ್ರಿ ಅಕ್ಕಾರ, ಸಾವಕಾಶ ನೋಡತೇನಿ” ಎಂದು ಚೀಲಕ್ಕೆ ಹಾಕಿಕೊಂಡರು. ತಳದ ಕಾಳು ಕಡಿಯುವ ಹೆಂಗಸು, ತನ್ನ ಅಂಗಡಿಯ ಸರಕು ಮಾರಬೇಕಾದವನನ್ನೇ ಪರೀಕ್ಷಕನನ್ನಾಗಿ ಮಾಡಿದ್ದಳು. ನನಗೆ ಅದು ಹೊಳೆದಿತ್ತು. ಆದರೂ ಊಟ ಮುಂದಿಟ್ಟುಕೊಂಡು ಸುಮ್ಮನೆ ಕುಳಿತೆ. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಎರಡು ದಿನ ವಿದ್ಯಾವತಿ ನೋಟುಬುಕ್ಕು ಹುಡುಕಿ ಮನೆಯೆಲ್ಲ ಕಿತ್ತು ಹಾಕಿದಳು. ಮೂರನೆಯ ದಿನ ಅದು ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿತು. ಸರ್ ತೀರ್ಪೂ ಬಂದಿತ್ತು: “ಬುನಾದಿ ಸರಿ ಇಲ್ರಿ. ಭಾಳ ತಪ್ಪ ಅದಾವು. ಕ್ಲಾಸಿಲ್ದ ಆಗೂದಿಲ್ಲ.”

ಅಂದೇ ಕಸ್ತೂರೆವ್ವ ಮಗಳಿಗೆ ಹೇಳಿದಳು, ಬರುವ ಒಂದನೆಯ ತಾರೀಖಿಗೆ ಫೀ ಕಟ್ಟುವುದು.

“ನಾ ಓದಾಕತ್ತೇನಲ್ಲವ್ವ.”

“ನಿನ್ನ ಬುನಾದಿ ಸರಿ ಇಲ್ಲಂತ. ತಿಳಿದವರು ಹೇಳ್ಯಾರ.”

ಯಾರು ಎಂದು ಹುಡುಗಿ ಕೇಳಲಿಲ್ಲ. ಹೇಳಿದ್ದನ್ನು ನಂಬುವವಳಲ್ಲವೇ, ಇದನ್ನೂ ನಂಬಿಬಿಟ್ಟಳು. ಮರುದಿನದಿಂದ ಮೇಜಿನ ಮೇಲೆ ನೋಟುಬುಕ್ಕು ಇತ್ತು, ಪೆನ್ನು ಇತ್ತು, ಬರೆಯುವುದು ಮಾತ್ರ ನಿಂತಿತ್ತು. ಬರೆದರೂ ಒಂದು ಲೆಕ್ಕಕ್ಕೆ ಮೂರು ಸಲ ಕಾಟು ಹಾಕುವಳು. ಪರೀಕ್ಷೆಗೆ ಇನ್ನೂ ಐದು ತಿಂಗಳು ಉಳಿದಿತ್ತು, ಮತ್ತು ಆಕೆ ಆಗಲೇ ಒಲೆಯ ಕಡೆ ನೋಡತೊಡಗಿದ್ದಳು.

ಮೂರು ವಾರದ ಮೇಲೆ ನನಗೆ ಬಾಗೇವಾಡಿ-ಮುದ್ದೇಬಿಹಾಳದ ಪಾಳಿ ಬಿತ್ತು. ಬಾಗೇವಾಡಿಯಲ್ಲಿ ಶಾಹಿಸ್ತಾ ಎಂಬ ಹುಡುಗಿ ಹತ್ತಿದಳು. ಹೂವಿನ ಹಿಪ್ಪರಗಿಯವಳು, ಶಿಖರ ಅಕಾಡೆಮಿಯ ಬಾಗೇವಾಡಿ ಕ್ಲಾಸಿಗೆ ದಿನವೂ ಬರುವವಳು. ತೊಡೆಯ ಮೇಲೆ ಅಕಾಡೆಮಿಯ ಹೊಸ ಪುಸ್ತಕ.

“ಕಾಕಾ, ನೂರನ್ನ ಆರಲೆ ಗುಣಿಸಿದ್ರ ಎಷ್ಟ್ರಿ?”

“ಕಂಡಕ್ಟರಗ ಲೆಕ್ಕ ಬರತೈತೋ ಇಲ್ಲೋ ನೋಡಾಕತ್ತಿಯೇನು? ಆರನೂರು.”

“ಇದ್ರಾಗ ಆರನೂರಾ ಮೂವತ್ತು ಅಂತ ಐತ್ರಿ. ಸರ್‌ಗೆ ಕೇಳಿದ್ರ, ಅದು ಶಾರ್ಟ್‌ಕಟ್ ಮೆಥಡ್, ಬಾಯಿಪಾಠ ಮಾಡ್ರಿ ಅಂದ್ರು. ಅರವತ್ತ ಮಂದಿ ಬರಕೊಂಡೀವಿ.”

ಪುಸ್ತಕ ಇಸಿದುಕೊಂಡು ಓದಿದೆ. ಖಾನಾವಳಿಯವಳೊಬ್ಬಳಿಗೆ ಒಂದು ರೊಟ್ಟಿಗೆ ಆರು ರೂಪಾಯಿ ಖರ್ಚು. ನೂರು ರೊಟ್ಟಿಯನ್ನು ಎಂಟುನೂರ ನಲವತ್ತಕ್ಕೆ ಮಾರಿದರೆ ಲಾಭ ಶೇಕಡಾ ಎಷ್ಟು? ಕೆಳಗೆ ಉತ್ತರ: ಖರ್ಚು ಆರುನೂರ ಮೂವತ್ತು, ಲಾಭ ಇನ್ನೂರ ಹತ್ತು, ಶೇಕಡಾ ಮೂವತ್ತಮೂರು ಚಿಲ್ಲರೆ. ಅದರ ಕೆಳಗಿನ ಲೆಕ್ಕದಲ್ಲಿ ಒಂದು ಬಸ್ಸು ತಾಸಿಗೆ ನಲವತ್ತು ಕಿಲೋಮೀಟರಿನಂತೆ ಇಂಡಿಯಿಂದ ಸಿಂದಗಿಗೆ ಹೊರಟಿತ್ತು. ನನ್ನ ಬಸ್ಸು! ಆ ಹಾಳೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡೆ.

ಮರುದಿನ ಇಂಡಿಗೆ ಬಂದವನೇ ಖಾನಾವಳಿಗೆ ಹೋಗಿ ತಾಯಿ-ಮಗಳ ಮುಂದೆ ಅದನ್ನು ಓದಿ ಹೇಳಿದೆ. ಕಸ್ತೂರೆವ್ವನ ಅನುಮಾನ ಮೊದಲು ಹೋದದ್ದು ಎಲ್ಲಿಗೆ ಗೊತ್ತೇ?

“ವಿದ್ಯಾ, ನೀ ಅವರ ಪುಸ್ತಕ ನೋಡಿ ಕದ್ದು ಬರದೀಯೇನ?”

ಹುಡುಗಿಯ ಮುಖ ಕೆಂಪಾಯಿತು. ನೋಟುಬುಕ್ಕು ತಂದು ಆ ಪುಟ ತೆರೆದಳು. ಅದೇ ಲೆಕ್ಕ, ಅದೇ ಉತ್ತರ, ಅಂಚಿನಲ್ಲಿ ಎರಡು ತಿಂಗಳ ಹಿಂದಿನ ತಾರೀಖು. ಆಮೇಲೆ ಆ ಆರುನೂರ ಮೂವತ್ತರ ಮೇಲೆ ಬೆರಳಿಟ್ಟು ನಿಂತುಬಿಟ್ಟಳು.

“ಇದು ತಪ್ಪೈತಿ” ಎಂದಳು ನಿಧಾನ. “ನಾ ನೂರಾ ಐದು ಹಿಡಿದೇನಿ.”

ನನಗೆ ಆಗ ಅರ್ಥವಾಯಿತು. ಕಸ್ತೂರೆವ್ವ ಮದುವೆ ಮನೆಗಳಿಗೆ ಒಣಗಿಸಿದ ಕಟಕ ರೊಟ್ಟಿ ಕಳಿಸುವಾಗ ಐದೈದರ ಗುಂಪು ಮಾಡಿ ಎಣಿಸುತ್ತಾಳೆ. ನೂರಕ್ಕೆ ಇಪ್ಪತ್ತು ಗುಂಪು ಸಾಕು. ಆಕೆ ಇಪ್ಪತ್ತೊಂದು ಇಡುತ್ತಾಳೆ. ಹಾದಿಯಲ್ಲಿ ಒಡೆಯುವುದಕ್ಕೆಂದು ಮೇಲೆ ಐದು. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಹುಡುಗಿ ನೂರು ರೊಟ್ಟಿ ಎಂದರೆ ನೂರಾ ಐದರ ಖರ್ಚು ಹಿಡಿದಿದ್ದಳು. ಈ ತಪ್ಪು ಮಾಡಲು ಈ ಮನೆಯಲ್ಲೇ ಬೆಳೆದಿರಬೇಕು. ಸಿಂದಗಿಯ ಯಾವ ಸರ್‌ಗೂ ಸಾಧ್ಯವಿಲ್ಲ.

“ತಪ್ಪ ಎಲ್ಲೈತಿ?” ಎಂದಳು ಕಸ್ತೂರೆವ್ವ. “ನೂರಕ್ಕ ನೂರಾ ಐದ ಕೊಡಬೇಕು.”

“ಪರೀಕ್ಷಾದವರು ಒಡಕಿನ ಐದು ಕೇಳೂದಿಲ್ಲವ್ವ. ಹೋಗಲಿ, ಅವ್ರಿಗೆ ನನ್ನ ನೋಟಬುಕ್ಕ ಹ್ಯಾಂಗ ಸಿಕ್ತು?”

ಕಸ್ತೂರೆವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ನಾನ ಕೊಟ್ಟೇನಿ.”

“ಯಾಕ?”

“ನೀ ಖರೇನ ಕಲತೀಯೋ ಇಲ್ಲೋ ನೋಡಾಕ.”

“ನನ್ನ ಕೇಳಬೇಕಿತ್ತಲ್ಲವ್ವ.”

“ನೀ ಹೇಳಿದ್ರ ನಂಬತಿದ್ದಿಲ್ಲ.”

ಇಷ್ಟು ನೇರವಾಗಿ ಹೇಳಿದಳು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ನಮಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಒಂದೂವರೆಯಾಗಿ ಸಂಜೀವಕುಮಾರ ಸರ್ ಬಂದು ಕುಳಿತರು. ಕಸ್ತೂರೆವ್ವ ತಟ್ಟೆ ಹಾಕಿದಳು. ಖಾನಾವಳಿಯ ಮರ್ಯಾದೆ, ಕುಳಿತವನಿಗೆ ಹಾಕಲೇಬೇಕು. ವಿದ್ಯಾವತಿ ನೋಟುಬುಕ್ಕು ಮತ್ತು ನನ್ನ ಮೊಬೈಲನ್ನು ತಟ್ಟೆಯ ಪಕ್ಕ ಇಟ್ಟಳು. ಸರ್ ಎರಡನ್ನೂ ನೋಡಿದರು. ನಾಚಿಕೆ ಏನಾದರೂ ಬರುತ್ತದೆಯೇ ಎಂದು ಕಾದೆ. ಬರಲಿಲ್ಲ.

“ಚೊಲೊ ಇತ್ರಿ ಅಕ್ಕಾರ. ನಮ್ಮ ಕಡೆ ಇಂಥಾ ಲೆಕ್ಕ ಯಾರೂ ಕಟ್ಟೂದಿಲ್ಲ. ನಾಕ ಮಂದಿಗೆ ಉಪಯೋಗ ಆಗಲಿ ಅಂತ ಹಾಕೇನಿ.”

ಆ ನೋಟುಬುಕ್ಕನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಕದ್ದವನ ಬಾಯಿಂದ ಬರಬೇಕಾಯಿತು.

“ಮತ್ತ ನಮ್ಮವ್ವಗ ಭಾಳ ತಪ್ಪ ಅದಾವು ಅಂದ್ರಂತಲ್ರಿ ಸರ್? ಯಾವುವು?” ಎಂದಳು ವಿದ್ಯಾವತಿ.

ಸರ್ ರೊಟ್ಟಿ ಮುರಿಯುತ್ತ ಕುಳಿತರು.

“ಒಂದ ತಪ್ಪಿತ್ರಿ. ಅದನ್ನೂ ಛಾಪಸೀರಿ.”

ಸರ್ ತಲೆ ಎತ್ತಿ, ಬೇಕಾದರೆ ಫೀಯಲ್ಲಿ ಅರ್ಧ ಬಿಡುತ್ತೇನೆ ಎಂದರು! ನಾನು ಬೈಯಲು ಬಾಯಿ ತೆರೆದಿದ್ದೆ, ಕಸ್ತೂರೆವ್ವ ಕೈಸನ್ನೆ ಮಾಡಿ ತಡೆದಳು. ಅವರು ಉಂಡು ಮುಗಿಸುವವರೆಗೂ ಎದುರಿಗೇ ನಿಂತಿದ್ದು, ತಿಂಗಳ ಉಳಿದ ಊಟದ ರೊಕ್ಕ ಮೇಜಿನ ಮೇಲಿಟ್ಟಳು. “ನಾಳಿಂದ ಬ್ಯಾರೆ ಕಡೆ ಉಣ್ರಿ” ಎಂದಳು.

ಕ್ಲಾಸಿನ ಮಾತು ಅಲ್ಲಿಗೆ ಮುಗಿಯಿತು. ತಾಯಿ-ಮಗಳ ನಡುವಿನ ಮಾತೂ ನಾಲ್ಕು ದಿನ ನಿಂತಿತು. ಐದನೆಯ ದಿನ ಮಧ್ಯಾಹ್ನ ಮೂರಕ್ಕೆ ಕಸ್ತೂರೆವ್ವ ಕೈ ತೊಳೆದು ಬಂದು ಮಗಳ ಎದುರು ಕುಳಿತಳು.

“ಓದಿ ಹೇಳು. ಈ ಗೆರಿ ಹ್ಯಾಂಗ ಬಂತು?”

“ನಿನಗ ತಿಳಿಯೂದಿಲ್ಲವ್ವ.”

“ತಿಳಿಯೂಹಂಗ ಹೇಳು. ತಿಳಿಲಿಲ್ಲಂದ್ರ ನಿನಗೂ ತಿಳಿದಿಲ್ಲಂತ ಅರ್ಥ.”

ನಾಲ್ಕನೆಯ ಇಯತ್ತೆ ಕಲಿತ ಹೆಂಗಸು. ಆದರೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರಲು ಬಿಡುತ್ತಿರಲಿಲ್ಲ. ಇದು ಎಲ್ಲಿಂದ ಬಂತು, ಯಾಕೆ ಬಂತು, ಯಾರು ಹೇಳಿದರು, ಅವರು ಹೇಳಿದರೆ ನೀನು ಯಾಕೆ ಒಪ್ಪಿದೆ? ಹುಡುಗಿಗೆ ಮೊದಲು ತಲೆಕೆಟ್ಟಿತು. ಆಮೇಲೆ ಹೇಳುತ್ತ ಹೇಳುತ್ತ ತನ್ನ ತಪ್ಪನ್ನು ತಾನೇ ಹಿಡಿಯತೊಡಗಿದಳು. ಸರಿಯಾದ ರೊ‍ಟ್ಟಿ ಲೆಕ್ಕವನ್ನು ನಾನು ಶಾಹಿಸ್ತಾಳಿಗೆ ಮುಟ್ಟಿಸಿದೆ. ಅಲ್ಲಿಂದ ಮುಂದೆ ಇಬ್ಬರ ನೋಟುಬುಕ್ಕುಗಳೂ ವಾರಕ್ಕೊಮ್ಮೆ ನನ್ನ ಟಿಕೆಟ್ ಚೀಲದಲ್ಲಿ ಓಡಾಡಿದವು, ಇವಳದ್ದನ್ನು ಅವಳು ತಿದ್ದಲು, ಅವಳದ್ದನ್ನು ಇವಳು. ಲಗೇಜಿನ ಚಾರ್ಜು ಹಾಕಲಿಲ್ಲ. ಬೇಕಾದವರು ದೂರು ಕೊಡಲಿ.

ವಿದ್ಯಾವತಿಗೆ ನಾಲ್ಕುನೂರ ಹನ್ನೆರಡನೆಯ ರ್‍ಯಾಂಕ್ ಬಂತು. ಧಾರವಾಡದ ಸೀಟು ಸಿಗುವಷ್ಟು. ಕಸ್ತೂರೆವ್ವ ಮೂರು ಬೇರೆ ಬೇರೆ ಮೊಬೈಲಿನಲ್ಲಿ ನೋಡಿಸಿ ಆಮೇಲೆ ಕಣ್ಣೊರೆಸಿಕೊಂಡಳು.

ಒಂದು ವಾರದಲ್ಲಿ ಖಾನಾವಳಿಯ ಪಕ್ಕದ ಮಹಡಿಯ ಕಟಕಟೆಯಿಂದ ಉದ್ದನೆಯ ಬ್ಯಾನರ್ ಇಳಿಬಿದ್ದಿತ್ತು. ಶಿಖರ ಅಕಾಡೆಮಿಯ ಸಾಧಕರು, ಹನ್ನೆರಡು ಫೋಟೋ. ಎಲ್ಲಕ್ಕಿಂತ ಕೆಳಗಿನ ಮೂಲೆಯಲ್ಲಿ ವಿದ್ಯಾವತಿ. ಫೋಟೋ ಯಾರು ಕೊಟ್ಟರು? ಕಸ್ತೂರೆವ್ವ ಮೊದಲು ನನ್ನನ್ನೇ ಕೇಳಿದಳು, ಹೇಳಬೇಕಾಗಿಲ್ಲ. ಕಾಲೇಜಿನ ಗುಂಪಿನಲ್ಲಿ ಹಾಕಿದ್ದ ಫೋಟೋ, ಯಾರೋ ಎತ್ತಿದ್ದರು.

ಊಟಕ್ಕೆ ಬಂದವರೆಲ್ಲ ಕ್ಲಾಸು ಹೇಗಿದೆ, ಎಷ್ಟು ಕಟ್ಟಿದಿರಿ ಎಂದು ಕೇಳತೊಡಗಿದರು. ಕ್ಲಾಸಿಗೇ ಹೋಗಿಲ್ಲ, ಮನೆಯಲ್ಲೇ ಓದಿದಳು ಎಂದು ಕಸ್ತೂರೆವ್ವ ಹೇಳಿದರೆ ಒಬ್ಬರೂ ನಂಬಲಿಲ್ಲ. ಕಿರಾಣಿ ಅಂಗಡಿಯ ಸುಮಿತ್ರಾಬಾಯಿ ನನ್ನೆದುರೇ ಅಂದಳು, “ರೊಕ್ಕ ಕೊಟ್ಟ ಓದಿಸಿ ಇಲ್ಲಂತಾಳ ನೋಡ್ರಿ. ಬ್ಯಾರೆಯವರ ಮಕ್ಕಳು ಮುಂದ ಬರಬಾರದಂತ.”

ಅಂದು ಕಸ್ತೂರೆವ್ವ ನನಗೆ ಬಡಿಸುವಾಗ ಕೈ ತಡೆದು ನಿಂತಳು. “ಖರೇ ಹೇಳಿದ್ರೂ ನಂಬವಲ್ರು ರಜಾಕಣ್ಣ. ಹೊಟ್ಟಿ ಉರೀತೈತ್ರಿ. ನಾ ನನ್ನ ಮಗಳಿಗೆ ಇದನ್ನ ಮಾಡಿದ್ನಲ್ರಿ.”

ಸಮಾಧಾನ ಹೇಳಿದರೆ ಅದನ್ನೂ ನಂಬುವವಳಲ್ಲ.

ಮರುದಿನ ಮುಂಜಾನೆ ಆರೂವರೆಯ ಸಿಂದಗಿ ಬಸ್ಸು ಹೊರಗೆ ಬಂದಾಗ ನೋಡುತ್ತೇನೆ, ಬ್ಯಾನರಿನ ಕೆಳಗೆ ತಾಯಿ-ಮಗಳು ಎತ್ತರದ ಸ್ಟೂಲು ಹಾಕಿ ನಿಂತಿದ್ದಾರೆ. ಕಸ್ತೂರೆವ್ವನ ಕೈಯಲ್ಲಿ ಕಾಯಿಪಲ್ಯದ ಚೂರಿ. ಡ್ರೈವರ್ ರಮಜಾನನಿಗೆ ಹೇಳಿ ಬಸ್ಸನ್ನು ಅವರಿಗೆ ಮರೆಯಾಗುವಂತೆ ನಿಲ್ಲಿಸಿದೆ. ಮಂದಿ ಗೊಣಗಿದರು. ಗೊಣಗಲಿ.

“ನಿನ್ನ ಕೈ ನೋಯತೈತಿ, ನಾ ಏರತೇನಿ” ಎಂದಳು ವಿದ್ಯಾವತಿ.

“ನೀ ಹಿಡಿ” ಎಂದಳು ತಾಯಿ.

ಸ್ಟೂಲಿನ ಕಾಲು ಅಲುಗಾಡುತ್ತವೆಯೇ ಎಂದು ನೋಡಲಿಲ್ಲ, ಗಟ್ಟಿಯಾಗಿ ಹಿಡಿದೀಯಾ ಎಂದು ಕೇಳಲಿಲ್ಲ, ಏರಿಬಿಟ್ಟಳು. ಫೋಟೋದ ಸುತ್ತ ಚೌಕವಾಗಿ ಕೊಯ್ದು ಬ್ಯಾನರಿನಿಂದ ಬಿಡಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದ ಹನ್ನೊಂದು ಮಂದಿಯನ್ನು ಮುಟ್ಟಲಿಲ್ಲ. ಇಳಿಯುವಾಗ ಬಾತ ಕೈಯನ್ನು ಮಗಳ ಹೆಗಲ ಮೇಲಿಟ್ಟು, ಮೈಯ ಭಾರವನ್ನೆಲ್ಲ ಆ ಹುಡುಗಿಯ ಮೇಲೆ ಬಿಟ್ಟು ಇಳಿದಳು. ಇಬ್ಬರೂ ಒಳಗೆ ಹೋದ ಮೇಲೆ ನಾನು ಸೀಟಿ ಊದಿದೆ.